ಮಾವನ ಹೂದಾನಿ ಎಡಕ್ಕೋ ಬಲಕ್ಕೋ

ನಮ್ಮ ಮಾವನ ಮನೆಗೆ ನೀವು ಯಾವಾಗ ಬೇಕಾದರೂ ಹೋಗಿ, ಆದರೆ ಕೈಯಲ್ಲಿ ಹೂವು ಹಿಡಿದುಕೊಂಡು ಮಾತ್ರ ಹೋಗಬೇಡಿ! ಹೋದಿರೋ, ಊಟಕ್ಕೆ ಕರೆದವರು ಊಟ ಹಾಕುವುದನ್ನೇ ಮರೆಯುತ್ತಾರೆ. ಒಮ್ಮೆ ನಾನು ದಾರಿಯಲ್ಲಿ ಚೆನ್ನಾಗಿ ಕಂಡವೆಂದು ನಾಲ್ಕು ಗುಲಾಬಿ ಒಯ್ದಿದ್ದೆ. "ನಾಲ್ಕಾ? ನಾಲ್ಕು ಯಾರಾದ್ರೂ ತರ್ತಾರೇನವ್ವಾ?" ಎಂದು ಮಾವ ಒಂದನ್ನು ತೆಗೆದು ನನ್ನ ಕೈಗೇ ವಾಪಸು ಕೊಟ್ಟರು. ಹೂವು ಯಾವಾಗಲೂ ಬೆಸ ಸಂಖ್ಯೆಯಲ್ಲಿರಬೇಕಂತೆ. ಸಮಸಂಖ್ಯೆಯಾದರೆ ಅವು ಜೋಡಿ ಜೋಡಿಯಾಗಿ ನಿಂತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವಂತೆ, ನೋಡುವವರ ಕಡೆ ತಿರುಗುವುದೇ ಇಲ್ಲವಂತೆ!

ಮಾವ ಎಂದರೆ ನನ್ನ ಅಮ್ಮನ ತಮ್ಮ. ದಾವಣಗೆರೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ, ಎಸ್.ಎಸ್. ಬಡಾವಣೆಯಲ್ಲಿ ಮನೆ. ಮಕ್ಕಳಿಲ್ಲ. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅವರೊಬ್ಬರೇ. ಅತ್ತೆ ಇದ್ದಾಗ ಹೂವಿನಾಕೆ ದಿನಾ ಸಂಜೆ ಗೇಟಿನಲ್ಲಿ ಕೂಗಿ, ಕಾಕಡವೋ ಮಲ್ಲಿಗೆಯೋ ಮೊಳ ಹಾಕಿ ಕೊಟ್ಟು ಹೋಗುವ ವಾಡಿಕೆ ಇತ್ತು. ಈಗ ಮುಡಿಯುವವರು ಯಾರು? ಬೇರೆಯವರಾಗಿದ್ದರೆ ನಾಳೆಯಿಂದ ಬೇಡಮ್ಮ ಎನ್ನುತ್ತಿದ್ದರು. ಮಾವನಿಗೆ ಆ ಮಾತು ಬಾಯಿಗೆ ಬರಲಿಲ್ಲ. ಸಂಜೆಯಾದ ಮೇಲೆ ಅವರನ್ನು ಕೂಗುವ ದನಿ ಅದೊಂದೇ ಉಳಿದಿತ್ತು. ಅದಕ್ಕೆ, "ಇನ್ನು ಕಟ್ಟಿದ್ದು ಬ್ಯಾಡ, ಉದ್ದ ದಂಟಿನ ಸಮೇತ ತಾರವ್ವಾ" ಎಂದರು.

"ದಂಟು ಯಾಕ್ರಿ ಯಜಮಾನ್ರೇ? ಮನ್ಯಾಗ ಮ್ಯಾಕೆ ಕಟ್ಟೀರೇನು?" ಎಂದಳಂತೆ ಆಕೆ.

ಅಲ್ಲಿಂದ ಶುರುವಾಯಿತು ನೋಡಿ! ಮೊಬೈಲಿನಲ್ಲಿ ಹೂ ಜೋಡಿಸುವ ವಿಡಿಯೋಗಳನ್ನು ನೋಡಿ ನೋಡಿ ಮಾವ ಪಂಡಿತರಾದರು. ದಂಟು ನೆಟ್ಟಗೆ ನಿಲ್ಲಲು ಮುಳ್ಳಿನ ಪೀಠ ಬೇಕಂತೆ. ಪೈಪಿನ ಮುಚ್ಚಳಕ್ಕೆ ಸಿಮೆಂಟು ಸುರಿದು, ಮೊಳೆಗಳನ್ನು ತಲೆಕೆಳಗಾಗಿ ನೆಟ್ಟು, ಅಂಗಡಿಯಲ್ಲೇ ಒಂದು ಮಾಡಿಕೊಂಡರು. ಕೌಂಟರಿನ ಮೇಲೆ ಹೂದಾನಿ ಬಂತು. ಹತ್ತಿರದ ಹದಡಿ ಹಳ್ಳಿಯಿಂದ ನಲ್ಲಿ ಕೊಳ್ಳಲು ಬಂದ ರೈತರೊಬ್ಬರಿಗೆ, ಹೂವಿನ ಎತ್ತರ ಪಾತ್ರೆಯ ಒಂದೂವರೆ ಪಟ್ಟು ಇರಬೇಕು, ದೊಡ್ಡ ಹೂವು ಕೆಳಗಿರಬೇಕು, ಮೊಗ್ಗು ಮೇಲಿರಬೇಕು, ಕಣ್ಣು ಬಂದು ಕೂರಲು ಒಂದು ಜಾಗ ಇರಬೇಕು ಎಂದೆಲ್ಲ ವಿವರಿಸಿದರು. ಅವರು ಪಾಪ, ಕೊನೆಯ ತನಕ ತಲೆಯಾಡಿಸಿ ಕೇಳಿದರು: "ಅದೆಲ್ಲಾ ಖರೇ ಸಾವ್ಕಾರ್ರೇ, ನಲ್ಲಿ ಸೋರೋದು ನಿಲ್ತೈತೋ ಇಲ್ಲೋ?"

ತಿಂಡಿಗೂ ಇದೇ ಶಾಸ್ತ್ರ. ಒಮ್ಮೆ ನಾನು ಹೋದಾಗ ಮಂಡಕ್ಕಿಯ ಗುಡ್ಡೆಗೆ ಮೂರು ಮಿರ್ಚಿ ಬಜ್ಜಿ ಒರಗಿಸಿ ಕೊಟ್ಟರು, ಒಂದು ಎತ್ತರಕ್ಕೆ, ಒಂದು ನಡುವೆ, ಒಂದು ಗಿಡ್ಡಕ್ಕೆ. ಇನ್ನೊಂದು ಹಾಕ್ರಿ ಮಾವ ಎಂದೆ. "ನಾಲ್ಕಾಗ್ತೈತೆ. ಐದು ತಿಂತೀಯೇನು?" ಎಂದರು. ಏನು ಮಾಡಲಿ, ತಿಂದೆ!

ಆದರೆ ಈ ವಿದ್ಯೆಗೆ ಒಂದು ತೊಡಕಿದೆ. ಹೂ ಜೋಡಿಸುವವರು ಹೂವಿಗೆ ತೀರ ಹತ್ತಿರ ನಿಂತಿರುತ್ತಾರೆ, ಅವರಿಗೆ ಅದು ವಾಲಿದ್ದು ಕಾಣುವುದಿಲ್ಲ. ದೂರ ಕುಳಿತ ಇನ್ನೊಬ್ಬರು ನೋಡಿ ಹೇಳಬೇಕು. ಮಾವನ ಮನೆಯಲ್ಲಿ ಆ ಇನ್ನೊಬ್ಬರು ಎಲ್ಲಿದ್ದಾರೆ? ಹಾಗಾಗಿ ಬೆಳಗಾದರೆ ಹರಿಹರದಲ್ಲಿರುವ ನನಗೆ ವಿಡಿಯೋ ಕಾಲ್. ಇಲ್ಲಿ ನಾನು ಅಮ್ಮನಿಗೆ ರೊಟ್ಟಿ ಬೇಯಿಸಿಟ್ಟು ಶಾಲೆಗೆ ಓಡುವ ಗಡಿಬಿಡಿ.

"ಎಡಕ್ಕಾ? ಬಲಕ್ಕಾ?"

"ಮಾವ, ನನಗೆ ಬರೀ ಫ್ಯಾನ್ ಕಾಣ್ತೈತ್ರಿ."

"ಫೋನು ನಿಮ್ಮತ್ತೆ ಕೂಡ್ತಿದ್ದ ಕುರ್ಚಿ ಮ್ಯಾಲೆ ಇಟ್ಟೀನಿ. ಫ್ಯಾನ್ ಬಿಡು, ಹೂವು ಹೆಂಗೈತೆ ಹೇಳು. ಗಣಿತದ ಟೀಚರಮ್ಮ ಅಂತೀಯ, ಒಂದೂವರೆ ಪಟ್ಟು ಕಾಣಂಗಿಲ್ಲೇನು?"

ನಾನು ಫ್ಯಾನನ್ನೇ ನೋಡುತ್ತ ಎಡಕ್ಕೆ ಎನ್ನುತ್ತಿದ್ದೆ. ನೆಂಟರೆಲ್ಲರಿಗೂ ಇದೇ ಪೂಜೆ. ಒಬ್ಬರಿಗೆ ನೆಟ್‌ವರ್ಕ್ ಇಲ್ಲ, ಇನ್ನೊಬ್ಬರು ಸದಾ ಸ್ನಾನದಲ್ಲಿ. ಒಡಹುಟ್ಟಿದ ಅಕ್ಕ, ನಮ್ಮಮ್ಮ, ಫೋನನ್ನು ದಿಂಬಿನಡಿ ತುರುಕಿ ಅದರ ಮೇಲೆ ಮಲಗಿಬಿಡುತ್ತಿದ್ದಳು!

ಇಷ್ಟಾದರೂ ನಡೆಯುತ್ತಿತ್ತು. ಅಷ್ಟರಲ್ಲಿ ಹರಿಹರದಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ ಬಂತು. ನಮ್ಮ ಜನಕ್ಕೆ ಹೂವು ಎಂದರೆ ಗೊತ್ತಲ್ಲ, ಹಿಂದಿನ ಗೋಡೆ ಕಂಡರೆ ಮರ್ಯಾದೆ ಹೋಯಿತು! ಚೆಂಡು ಹೂವು, ಸೇವಂತಿಗೆ ಹೇರಿ ವೇದಿಕೆ ಸಿದ್ಧವಾಗಿತ್ತು. ನಾವೆಲ್ಲ ಬೀಗರನ್ನು ಎದುರುಗೊಳ್ಳಲು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಮಾವ ಏಣಿ ಹತ್ತಿದ್ದರು. ಒಳಗೆ ಬಂದು ನೋಡಿದರೆ ಮುಕ್ಕಾಲು ಹೂವು ನೆಲದ ಮೇಲೆ, ವೇದಿಕೆಯಲ್ಲಿ ಒಂದು ಬಳ್ಳಿ, ಮೂರು ಸುಗಂಧರಾಜದ ಕಡ್ಡಿ. ನಿಜ ಹೇಳುತ್ತೇನೆ, ಚೆಂದವಾಗಿಯೇ ಇತ್ತು. ಆದರೆ ಹುಡುಗನ ದೊಡ್ಡಪ್ಪ ಮೀಸೆ ಸವರಿಕೊಂಡು, "ಯಾಕ್ರಿ ಬೀಗ್ರೇ, ಈ ಸಲ ನಿಮ್ಮ ಕಡೆ ಹೂವಿಗೂ ಬರ ಬಂತೇನು?" ಎಂದುಬಿಟ್ಟರು.

ಅಮ್ಮನ ಮುಖ ಹುಳಿ ಮಜ್ಜಿಗೆಯಾಯಿತು. ಊಟದ ಪಂಕ್ತಿಯಲ್ಲಿ ಎಲ್ಲರೆದುರೇ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು: "ಇನ್ಮ್ಯಾಲೆ ನನ್ನ ಮುಂದೆ ಹೂವಿನ ಸುದ್ದಿ ತಗದೀ ಅಂದ್ರೆ ನೋಡು! ಯಾರಿಗೂ ಫೋನ್ ಮಾಡ್ಬ್ಯಾಡ. ಹೆಂಡ್ತಿ ಹೋದ್ಲು ಅಂತ ಊರೆಲ್ಲಾ ನಿನ್ನ ಹೂವು ನೋಡ್ಕೊಂತ ಕುಂದ್ರಬೇಕೇನು?"

ಮಾವ ತಲೆ ತಗ್ಗಿಸಿ ಎಲೆಯ ಮೇಲಿನ ಪಲ್ಯವನ್ನು ಒಂದು ಮೂಲೆಗೆ ಸರಿಸಿದರು. ಮಾರನೆಯ ದಿನದಿಂದ ಫೋನು ಬರಲಿಲ್ಲ. ನೆಂಟರು ಪೀಡೆ ಕಳೆಯಿತು ಎಂದರು. ನನಗೆ ಮಾತ್ರ ರೊಟ್ಟಿ ತಟ್ಟುವಾಗೆಲ್ಲ ಕಿವಿ ಫೋನಿನ ಕಡೆಗೇ ಇರುತ್ತಿತ್ತು. ಪೀಡೆಯೂ ಇಲ್ಲದ ಬೆಳಗು ಬಲು ಬೇಸರ. ಒಂದು ಭಾನುವಾರ ತಡೆಯಲಾರದೆ ಬಸ್ಸು ಹತ್ತಿದೆ.

ಮಾವನ ಮನೆಯ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಹೂದಾನಿ. ಮಾವ ಒಂದು ದಂಟನ್ನು ಬಗ್ಗಿಸಿದರು, ಮಂಡಿ ಹಿಡಿದುಕೊಂಡು ನಿಧಾನವಾಗಿ ನಡೆದು ಅತ್ತೆಯ ಕುರ್ಚಿಯಲ್ಲಿ ಕೂತು ನೋಡಿದರು, "ಬಲಕ್ಕೆ" ಎಂದು ತಮಗೆ ತಾವೇ ಹೇಳಿಕೊಂಡರು. ಮತ್ತೆ ಎದ್ದು ಮೇಜಿನ ತನಕ ಹೋಗಿ ಸರಿಸಿ, ಮತ್ತೆ ಬಂದು ಕೂತರು. ಹೊಸ್ತಿಲಲ್ಲಿ ನಿಂತವಳಿಗೆ ನಗು ಬರಬೇಕಿತ್ತು, ಅಳು ಬಂತು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, "ಏಳ್ರಿ ಮಾವ, ನಾನು ಕೂಡ್ತೀನಿ" ಎಂದೆ. ಮಾವ ಯಾಕೆ ಬಂದೆ ಎಂದೂ ಕೇಳಲಿಲ್ಲ. ಲಗುಬಗೆಯಿಂದ ಮೇಜಿನ ಹತ್ತಿರ ಹೋಗಿ ನಿಂತರು.

"ಎಡಕ್ಕಾ?"

"ಎಡಕ್ಕೆ. ಹಾಂ, ಇನ್ನೊಂಚೂರು. ಈಗ ಸರಿ ಐತ್ರಿ ಮಾವ, ಅಲ್ಲೇ ಬಿಡ್ರಿ."

ಮಾವ ಹೂವಿನಿಂದ ಕೈ ತೆಗೆದರು. ಮುಖದ ಮೇಲಿದ್ದ ಉಮೇದು ಇಳಿದೇ ಹೋಯಿತು.

"ಸರಿ ಆತಾ? ಮತ್ತೆ... ನಿಂಗೆ ಬಸ್ಸಿಗೆ ಹೊತ್ತಾತೇನೋ" ಎಂದರು.

ನಾನು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿ ಕೂತೆ.

"ತಡೀರಿ ಮಾವ, ಎಲ್ಲಿ ಸರಿ ಐತೆ? ಪೂರಾ ವಾಲೈತೆ. ಮೊದಲಿಂದ ಜೋಡಿಸ್ರಿ" ಎಂದೆ.