ಕೈ ಮುಗಿದ ಬೇರು

ನನಗೆ ಮೋಸ ಮಾಡುವವರು ಇನ್ನೂ ಹುಟ್ಟಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದವಳು ನಾನು. ಬಿಬವೇವಾಡಿಯ ಬಜಾರಿನಲ್ಲಿ ಒಂದೊಂದು ಬದನೆಕಾಯಿಯನ್ನೂ ಹೊರಳಿಸಿ, ತೊಟ್ಟು ಹಿಡಿದು ನೋಡಿ, ಮಾರುವವಳು ಮರಾಠಿಯಲ್ಲಿ "ಆಜೀ, ಪುರೇ ಆತಾ", ಸಾಕು ಮಾಡಜ್ಜಿ, ಎಂದು ಕೈ ಮುಗಿಯುವವರೆಗೆ ಬಿಡುವುದಿಲ್ಲ. ಹುಳುಕು ಬದನೆಕಾಯಿ ನನ್ನ ಚೀಲಕ್ಕೆ ಬಂದದ್ದಿಲ್ಲ. ದೇವರ ಮನೆಗೆ ಏನು ಬಂತು ಎಂಬುದು ಬೇರೆ ಮಾತು.

ಸೊಸೆ ಶೋಭಾ ಮದುವೆಯಾಗಿ ಬಂದ ಹೊಸತು. ಅವಳು ಧಾರವಾಡದಲ್ಲಿ ಬಿ.ಎ. ಓದಿದವಳು, ನಾನು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಚಹಾ ಕೇಳಿದರೆ "ಮಾಡ್ತೀನ್ರಿ ಅತ್ತಿ" ಎನ್ನುವಳು, ಪೇಪರು ಓದಿ ಮುಗಿಸಿಯೇ ಏಳುವಳು. ಆಗ ಪೂಜೆ ಸಾಮಾನಿನ ಅಂಗಡಿಯವನೊಬ್ಬ ನನಗೊಂದು ಒಣ ಬೇರು ತೋರಿಸಿದ. ಎರಡು ಪುಟ್ಟ ಕೈ ಜೋಡಿಸಿದ ಹಾಗಿತ್ತು. ಕುಂಕುಮದಲ್ಲಿಟ್ಟು ಪೂಜಿಸಿದರೆ ಮನೆಯವರೆಲ್ಲ ನಿಮ್ಮ ಮುಂದೆ ಹೀಗೇ ನಿಲ್ಲುತ್ತಾರೆ ಎಂದ. ಬದನೆಕಾಯಿಯಂತೆ ಹೊರಳಿಸಿ ನೋಡಿದೆ. ಹುಳುಕಿರಲಿಲ್ಲ, ಕೊಂಡು ತಂದೆ. ಅಂದಿನಿಂದ ಅದು ಬೆಳ್ಳಿ ಡಬ್ಬಿಯಲ್ಲಿ, ದೇವರ ಪಕ್ಕದಲ್ಲಿ.

ನಮ್ಮದು ಕೋಳಿ ತತ್ತಿಯನ್ನೂ ಒಳಗೆ ಬಿಡದ ಮನೆ. ಮೊಮ್ಮಗಳು ಸವಿತಾಳ ಹುಟ್ಟುಹಬ್ಬಕ್ಕೆ ಯಾರೋ ತಂದ ಕೇಕು ತತ್ತಿ ನಾತ ಬಂತೆಂದು ವಾಚ್‌ಮನ್ನಿಗೆ ಕೊಟ್ಟು, ಮೇಜು ತೊಳೆಸಿದವಳು ನಾನು. ಅಂಥ ಮನೆಯ ಹುಡುಗಿ ಹನ್ನೆರಡನೆಯದು ಮುಗಿಸಿ, ಪ್ರಾಣಿಶಾಸ್ತ್ರ ಓದುತ್ತೇನೆ ಎಂದಳು.

"ಕಪ್ಪಿ ಕೊಯ್ದ ಕೈಲೆ ದೇವರಿಗೆ ಹೂ ಏರಸ್ತೀ? ನಾ ಇರೂತನಕ ಆಗಂಗಿಲ್ಲ" ಎಂದೆ.

ಅರಿವೆ ಅಂಗಡಿ ಇಟ್ಟಿರುವ ಮಗ, "ಅವ್ವ ಹೇಳಿದ ಮ್ಯಾಲ ಮುಗೀತು, ಕಾಮರ್ಸ್ ತಗೋ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಹುಡುಗಿ ಅತ್ತಳು, ಉಣ್ಣಲಿಲ್ಲ. ಅವಳ ಪಾಲಿನ ರೊಟ್ಟಿಯನ್ನೂ ನಾನೇ ತಿಂದೆ; ಬಿಸಿ ರೊಟ್ಟಿ, ಹಾಳಾಗಬಾರದಲ್ಲ.

ಆ ಶುಕ್ರವಾರ ಬೆಳ್ಳಿ ಡಬ್ಬಿ ಉಜ್ಜಲು ಸವಿತಾಳಿಗೇ ಕೊಟ್ಟೆ. ಅವಳು ಬೇರನ್ನು ಕುಂಕುಮದಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ಅಜ್ಜಿ, ಇದು ಬೇರಲ್ಲ, ಉಡದ್ದು. ನಮ್ಮ ಬಯಾಲಜಿ ಸರ್ ಕಾಡಿನ ಕ್ಯಾಂಪಿನ್ಯಾಗ ಇಂಥಾದ್ದೇ ತೋರ್ಸಿದ್ರು. ಇದರ ಸಲುವಾಗಿ ಕೊಂದು ಕೊಂದು ಉಡ ಭಾಳ ಕಡಿಮಿ ಆಗ್ಯಾವ. ಹುಲಿಗೆ ಇರೋ ಕಾಯ್ದೇನ ಇದಕ್ಕೂ ಅದ. ಮನ್ಯಾಗ ಇಟ್ಕೊಂಡ್ರ ಜೇಲು."

"ಉಡದ ಕೈ ಏನ?"

ಹುಡುಗಿ ತಾಯಿಯ ಕಿವಿಯಲ್ಲಿ ಏನೋ ಅಂದಳು. ಶೋಭಾ ಸೆರಗು ಬಾಯಿಗೆ ಒತ್ತಿಕೊಂಡಳು, ಭುಜ ಕುಣಿಯತೊಡಗಿತು.

"ಕೈ ಅಲ್ರಿ ಅತ್ತಿ. ಗಂಡು ಉಡದ್ದರಿ. ಅದರ... ಗಂಡಸ್ತನ. ಅದಕ್ಕ ಎರಡಿರ್ತಾವಂತ."

ನಾನು ನಂಬಲಿಲ್ಲ. ಬೇರಾದರೆ ಕಟ್ಟಿಗೆ ಸುಟ್ಟ ವಾಸನೆ ಬರಬೇಕು ಎಂದು ಒಂದು ಚೂರು ಮುರಿದು ಗ್ಯಾಸಿನ ಮೇಲೆ ಹಿಡಿದೆ. ಕೂದಲು ಸುಟ್ಟಂಥ, ಮಾಂಸ ಸುಟ್ಟಂಥ ನಾತ ಮನೆಯೆಲ್ಲ ತುಂಬಿತು. ಪಕ್ಕದ ಮನೆಯ ಮರಾಠಿ ಕಾಕೂ ಗ್ಯಾಲರಿಯಿಂದ, ಏನು ಸುಡುತ್ತಿದೆ ಎಂದು ಕೂಗಿದಳು. "ಧೂಪ!" ಎಂದೆ. ಬೇರೇನು ಹೇಳಲಿ? ಆ ಕಾಕೂಗೆ, ಬಿಲ್ಡಿಂಗಿನ ಎಲ್ಲ ಮುತ್ತೈದೆಯರಿಗೆ, ಪ್ರತಿ ಹಬ್ಬಕ್ಕೂ ಅದೇ ಡಬ್ಬಿಯ ಕುಂಕುಮ ಹಚ್ಚಿದವಳು ನಾನು. ಜೇಲಿಗಿಂತ ಆ ಹೆಂಗಸರ ಭಯ ಹೆಚ್ಚಾಯಿತು.

"ನಮ್ಮ ಸರ್‌ನ ಕರಕೊಂಡು ಹೋಗಿ ಅರಣ್ಯ ಇಲಾಖೆಗೆ ಒಪ್ಪಿಸಿ ಬರ್ತೀನಿ" ಎಂದಳು ಸವಿತಾ. ಆಮೇಲೆ ಮೆಲ್ಲಗೆ, "ಆದ್ರ ಅಜ್ಜಿ, ಇಂಥಾದ್ದು ಮುಟ್ಟಿದ ಕೈಲೆ ದೇವರಿಗೆ ಹೂ ಏರಸ್ಲೋ ಬ್ಯಾಡೋ?"

ತಾಯಿ, ಮಗಳು ಇಬ್ಬರೂ ನನ್ನ ಮುಖವನ್ನೇ ನೋಡುತ್ತ ನಿಂತರು.

"ಸಬಕಾರ ಹಚ್ಚಿ ತೊಳಕೋ" ಎಂದೆ. "ಕಪ್ಪಿಗೂ ಅದೇ ಸಬಕಾರ ಸಾಕು. ನಿಮ್ಮಪ್ಪಗ ನಾ ಹೇಳ್ತೀನಿ."

ಈಗ ಅವಳು ಧನಕವಡಿಯ ಕಾಲೇಜಿಗೆ ಹೋಗುತ್ತಾಳೆ. ಡಬ್ಬಿಯಲ್ಲಿ ಒಂದು ಅಡಿಕೆ ಇಟ್ಟಿದ್ದೇನೆ, ಕಡಿದು ನೋಡಿಯೇ ಇಟ್ಟಿದ್ದೇನೆ. ಚಹಾ ಮೊದಲೂ ಪೇಪರು ಮುಗಿದ ಮೇಲೆ ಬರುತ್ತಿತ್ತು, ಈಗಲೂ ಪೇಪರು ಮುಗಿದ ಮೇಲೆಯೇ ಬರುತ್ತದೆ. ಎಲ್ಲೋ ಕಾಡಿನಲ್ಲಿ ಒಂದು ಉಡ ನನ್ನ ದೆಸೆಯಿಂದ ತನ್ನ ಸರ್ವಸ್ವವನ್ನೂ ಕಳೆದುಕೊಂಡಿತು; ನನ್ನ ಸೊಸೆ ಒಂದು ಪುಟವನ್ನೂ ಬೇಗ ಮಗುಚಲಿಲ್ಲ.