ಮೂವತ್ತು ಚೀಲದ ಗಿರಾಕಿ

"ಹತ್ತೇ ನಿಮಿಷದ ಕೆಲಸ!" ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡೆ. ಅವಳು ಕೈಚೀಲ ಹೊಲಿಯುತ್ತಾಳೆ. ಅಂಗಡಿಯವರು ತಮ್ಮ ಹೆಸರು ಅಂಟಿಸಿ ಮಾರುತ್ತಾರೆ. ಇನ್ನು ಮುಂದೆ ಅವಳದೇ ಹೆಸರಲ್ಲಿ ಮಾರಲೆಂದು ನಾನೊಂದು ವೆಬ್‌ಸೈಟ್ ಕಟ್ಟಿದ್ದೆ. ಗಿರಾಕಿ ಅಲ್ಲೇ ಕಾರ್ಡಿನಿಂದ ಹಣ ಕಟ್ಟುವ ಏರ್ಪಾಡು ಮಾತ್ರ ಬಾಕಿ. ನಾನು ಬಳಸಿದ ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದಕ್ಕೆ ಯಾರೋ ಬರೆದಿಟ್ಟ ಸಿದ್ಧ ಕೋಡಿನ ಕಟ್ಟು, ಅಂದರೆ ಲೈಬ್ರರಿಯೇ ಇದೆ, ತಂದು ಕೂರಿಸಿದರಾಯಿತು. ನನ್ನಂಥ ಮಹಾಪಂಡಿತನಿಗೆ ಇದೊಂದು ಲೆಕ್ಕವೇ?

ಹತ್ತು ನಿಮಿಷ ಮೂರು ದಿನವಾಯಿತು. ಲೈಬ್ರರಿಗೆ ರೂಬಿಯ ಹೊಸ ಆವೃತ್ತಿಯೇ ಬೇಕಂತೆ. ಹೊಸದು ಹಾಕಿದರೆ ವೆಬ್‌ಸೈಟ್ ಮಕಾಡೆ ಮಲಗುತ್ತದೆ!

"ಆಯ್ತೇನ್ರೀ?"

"ಆಗ್ತಾ ಇದೆ ಕಣೇ, ತಲೆ ತಿನ್ಬೇಡ!"

ಅಂತೂ ಕೂತಿತು. ಪರೀಕ್ಷೆಗೆಂದೇ ಕೊಡುವ ಸುಳ್ಳು ಕಾರ್ಡಿನ ನಂಬರು ಹಾಕಿದೆ. ಹೆಸರು, ಬೀದಿ ಎಲ್ಲ ಬಾಯಿಗೆ ಬಂದದ್ದು. ಚೀಲ ಮೂವತ್ತು. ಕೊನೆಗೆ 'ನಿಮ್ಮ ಅನಿಸಿಕೆ' ಎಂಬ ಖಾನೆ. ಖಾಲಿ ಬಿಟ್ಟರೆ ಮುಂದಕ್ಕೇ ಹೋಗದು. 'ನಿಮ್ಮ ಹೊಲಿಗೆ ಬಹಳ ಅಚ್ಚುಕಟ್ಟು' ಎಂದು ಗೀಚಿ ಒತ್ತಿದೆ. 'ಹಣ ಸಂದಾಯವಾಗಿದೆ' ಎಂದಿತು. ಗೆದ್ದೆ!

ಆರ್ಡರ್ ಬಂದೊಡನೆ ಹೆಂಡತಿಯ ಫೋನಿಗೆ ಸುದ್ದಿ ಹೋಗುವಂತೆ ಹಿಂದೆಯೇ ಏರ್ಪಾಡು ಮಾಡಿದ್ದ ಮಹಾಶಯ ನಾನೇ. ಅದನ್ನು ಮರೆತ ಮಹಾಶಯನೂ ನಾನೇ!

ಮರುದಿನದಿಂದ ಹೊಲಿಗೆ ಯಂತ್ರ ಒಂದೇ ಸಮನೆ ಬಡಿದುಕೊಳ್ಳತೊಡಗಿತು.

"ಏನೇ ಗಲಾಟೆ! ಇದು ಮನೆಯೋ ಕಾರ್ಖಾನೆಯೋ?" ಎಂದು ರೇಗಿದೆ.

ಅವಳು ನಕ್ಕಳು. ನಾನು ರೇಗಿದರೂ ನಗುತ್ತಾಳೆಂದರೆ ನನಗೆ ಅನುಮಾನ ಬರಬೇಡವೇ? ಬರಲಿಲ್ಲ.

ಐದನೇ ದಿನ ದೊಡ್ಡ ಪೊಟ್ಟಣ ಹೊತ್ತು ಹೊರಗೆ ಹೋದವಳು ಅದನ್ನು ಹೊತ್ತುಕೊಂಡೇ ವಾಪಸ್ ಬಂದಳು.

"ರೀ, ಕಳಿಸಿದ ಮೇಲೆ ನಿಮಗೆ ಹೇಳೋಣ ಅಂತಿದ್ದೆ. ಮೂವತ್ತು ಚೀಲಕ್ಕೆ ಆರ್ಡರ್! ಅಕ್ಕನಿಗೂ ಫೋನ್ ಮಾಡಿ ಹೇಳ್ಬಿಟ್ಟೆ. ಕೊರಿಯರ್‌ನವರು ಇಂಥ ಬೀದಿನೇ ಇಲ್ಲ ಅಂತಾರೆ, ಸ್ವಲ್ಪ ನೋಡಿ."

ನೋಡಿದೆ. ನಾನೇ ಹುಟ್ಟಿಸಿದ ಬೀದಿ!

"ಅದು... ಪರೀಕ್ಷೆಗೆ ನಾನೇ ಹಾಕಿದ್ದು ಕಣೇ. ಗಿರಾಕಿನೂ ಇಲ್ಲ, ದುಡ್ಡೂ ಇಲ್ಲ."

ಕೂಗಾಡುತ್ತಾಳೆಂದು ಕಾದೆ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಪೊಟ್ಟಣ ಕೆಳಗಿಟ್ಟು, ಸೂಜಿ ಚುಚ್ಚಿದ ಬೆರಳಿನ ಪಟ್ಟಿ ಸರಿಮಾಡಿಕೊಂಡಳು.

"ಚೀಲ ಹೋಗ್ಲಿ ಬಿಡಿ, ಅಂಗಡಿಯವರಿಗೇ ಕೊಡ್ತೀನಿ. ಹೊಲಿಗೆ ಅಚ್ಚುಕಟ್ಟು ಅಂತ ಬರೆದಿತ್ತಲ್ಲ... ಅದೂ ಪರೀಕ್ಷೆಗೇನಾ?"

"ಆ ಅನಿಸಿಕೆ ಖಾನೆ ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ ಕಣೇ," ಎಂದೆ ಮಹಾಪಂಡಿತ ನಾನು.

"ಹೌದಾ?" ಎಂದಳು. "ಹನ್ನೆರಡು ವರ್ಷದಿಂದ ನೀವು ಖಾಲೀನೇ ಬಿಟ್ಟಿದೀರಿ. ಸಂಸಾರ ಮುಂದಕ್ಕೆ ಹೋಗ್ತಾನೇ ಇದೆಯಲ್ರೀ!"