ಕರೆಂಟ್ ಬೇಡದ ಕಲ್ಲು

ಊರಿನ ಊಟವನ್ನೇ ಉಣ್ಣಬೇಕೆಂದು ಹಟ ಹಿಡಿದವರ ಮನೆಯಲ್ಲಿ, ಅದೂ ಕುವೈತಿನಲ್ಲಿ, ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇರುತ್ತದೆ. ನಮ್ಮಲ್ಲಿ ಹಟ ನನ್ನ ಹೆಂಡತಿಯದು. ಮಕ್ಕಳಿಬ್ಬರೂ ಪ್ಯಾಕೆಟ್ ಒಡೆದು ತಿಂದು ಬೆಳೆಯಬಾರದು. ಕುಚ್ಚಲಕ್ಕಿ, ಹುರುಳಿ, ಕಲ್ಲಿನಲ್ಲಿ ಕಡೆದ ಹಿಟ್ಟು, ಇಷ್ಟೇ ಅವಳ ಆಸೆ. ಆ ದಿನಗಳು ಕೈತಪ್ಪಿಹೋದವಲ್ಲ ಎಂದು ಈಗಲೂ ಸಂಕಟವಾಗುತ್ತದೆ. ಆದರೆ ನೆನೆದಾಗ ಮೊದಲು ಬರುವುದು ನಗುವೇ.

ಗೋಣಿಯೊಳಗಿನ ಮೆಷಿನ್

ತೊಂಬತ್ತರಲ್ಲಿ ರಜೆ ಮುಗಿಸಿ ಮಂಗಳೂರಿನಿಂದ ಹೊರಟಾಗ ಅವಳು ಕಡೆಯುವ ಕಲ್ಲನ್ನೂ ಹೊರಡಿಸಿದಳು. ನನ್ನ ಲಗೇಜಿನ ತೂಕವೆಲ್ಲ ಅದಕ್ಕೇ ಹೋಗಿ, ನನ್ನ ಅಂಗಿ, ಪ್ಯಾಂಟು ಊರಲ್ಲೇ ಉಳಿದವು. ಕುವೈತಿನ ಕಸ್ಟಮ್ಸ್‌ನವನು ಗೋಣಿ ಬಿಚ್ಚಿಸಿ, ಕಲ್ಲಿಗೆ ಒಂದು ಸುತ್ತು ಬಂದ.

"ಏನಿದು?"

"ಅಕ್ಕಿ ರುಬ್ಬುವ ಮೆಷಿನ್," ಅಂದೆ.

ಅವನು ಬಗ್ಗಿ ವೈರ್ ಹುಡುಕಿದ. "ಕರೆಂಟ್ ಎಲ್ಲಿಂದ?"

ನಾನು ಹೆಂಡತಿಯನ್ನು ತೋರಿಸಿದೆ. ಅವನು ನಕ್ಕು ಬಿಟ್ಟುಬಿಟ್ಟ. ಅವಳು ಫಹಾಹೀಲಿನ ಮನೆ ತಲುಪುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಕೆಳಗಿನ ಮನೆಯವರು

ಕೆಳಗಿನ ಫ್ಲ್ಯಾಟಿನಲ್ಲಿ ಈಜಿಪ್ಟಿನ ಮೇಷ್ಟ್ರೊಬ್ಬರಿದ್ದರು. ಸಂಸಾರ ಊರಲ್ಲಿ, ಇಲ್ಲಿ ಒಬ್ಬರೇ. ಬೆಳಿಗ್ಗೆ ನಮ್ಮಲ್ಲಿ ಕಲ್ಲಿನ ಗುಂಡು ತಿರುಗತೊಡಗಿದರೆ, ಅವರು ಪೊರಕೆಯ ಹಿಡಿಯಿಂದ ಸೀಲಿಂಗಿಗೆ ಟಕ್ ಟಕ್ ಎಂದು ಕುಟ್ಟುತ್ತಿದ್ದರು. ಒಂದು ದಿನ ಜಗಳಕ್ಕೆಂದೇ ಮೇಲೆ ಬಂದರು. ಹೆಂಡತಿ ಅವರನ್ನು ಕೂರಿಸಿ ನೀರುದೋಸೆ, ಕಾಯಿಚಟ್ನಿ ಬಡಿಸಿದಳು. ತಟ್ಟೆ ಖಾಲಿಯಾದ ಮೇಲೆ ನನಗೆ, "ಇನ್ನು ಕುಟ್ಟುದಿಲ್ಲ ಅಲ್ವಾ, ಕೇಳಿ ಅವರತ್ರ," ಅಂದಳು.

ಕೇಳಿದೆ. ಮೇಷ್ಟ್ರು ಬಾಯಿ ಒರೆಸಿಕೊಂಡು, "ಮದಾಮ್, ದೋಸೆ ತುಂಬ ಚೆನ್ನಾಗಿತ್ತು. ನನ್ನ ನಿದ್ದೆಯೂ ಹಾಗೇ ಇತ್ತು," ಅಂದರು. ಮರುದಿನವೂ ಟಕ್ ಟಕ್ ಕೇಳಿಸಿತು.

ಇನ್ನೊಂದು ಸೌಟು

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಅಂಗಡಿಗಳ ಪ್ಯಾಕೆಟ್‌ಗಳೆಲ್ಲ ಖಾಲಿ, ರೊಟ್ಟಿಗೆ ಉದ್ದನೆಯ ಸಾಲು. ನಮ್ಮ ಡ್ರಮ್ಮಿನಲ್ಲಿ ಮಾತ್ರ ಕುಚ್ಚಲಕ್ಕಿ, ಹುರುಳಿ ಇದ್ದವು. "ನೋ ಗಂಜಿ, ಮಮ್ಮಿ!" ಎಂದು ಮೂಗು ಮುರಿಯುತ್ತಿದ್ದ ಮಗ ಒಂದು ಮಧ್ಯಾಹ್ನ ತಟ್ಟೆ ಚಾಚಿ, "ಮೋರ್ ಗಂಜಿ, ಪ್ಲೀಸ್," ಅಂದ. ಅವಳು ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡಳು.

"ಕೇಳಿದ್ರಾ? ಈ ಮಾತು ಹೊರಡ್ಲಿಕ್ಕೆ ಒಂದು ಯುದ್ಧವೇ ಬರ್ಬೇಕಾಯ್ತು ಮಾರಾಯ್ರೆ!"

ಮುಂದಿನ ತಿಂಗಳು ಜೋರ್ಡಾನಿನ ಅಮ್ಮಾನಿಗೆ ಹೋಗುವ ಬಸ್ಸು ಸಿಕ್ಕಿತು, ಅಲ್ಲಿಂದ ಊರಿಗೆ ವಿಮಾನ. ಬಸ್ಸಿನಲ್ಲಿ ಮನುಷ್ಯರಿಗೇ ಜಾಗವಿಲ್ಲ, ಕಲ್ಲಿಗೆಲ್ಲಿ? ಕೆಳಗೆ ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತ ಕಿರುಚುತ್ತಿದ್ದರೆ, ಅವಳು ಕಲ್ಲು ತೊಳೆದು, ಹಳೆಯ ಸೀರೆ ಹೊದಿಸಿ, ಅಡುಗೆಮನೆಗೆ ಬೀಗ ಹಾಕಿಯೇ ಇಳಿದಳು. ಆ ಕೀಲಿಕೈ ಈಗಲೂ ನಮ್ಮಲ್ಲಿದೆ. ಬಾಗಿಲು ಇಲ್ಲ.

ಗಲ್ಫಿನ ಮಕ್ಕಳು

ಮಂಗಳೂರಿನ ಮನೆಯಲ್ಲಿ ಅಮ್ಮ ಮೊಮ್ಮಕ್ಕಳಿಗೆ ಬ್ರೆಡ್ಡು, ಜಾಮು, ನೂಡಲ್ಸ್ ತರಿಸಿಟ್ಟಿದ್ದರು. ತಾವು ಮಾತ್ರ ಅಡುಗೆಮನೆಯ ಬಾಗಿಲ ಹಿಂದೆ ಅಡಗಿ ಕೂತು ಗಂಜಿ ಉಣ್ಣುತ್ತಿದ್ದರು.

"ಅತ್ತೆ, ಮಕ್ಕಳಿಗೆ ಗಂಜಿಯೇ ಆಗ್ತದೆ," ಅಂದಳು ಹೆಂಡತಿ.

"ನೀನು ಸುಮ್ಮನಿರು. ಗಲ್ಫಿನ ಮಕ್ಕಳಿಗೆ ಗಂಜಿ ಕೊಡುವಷ್ಟು ನಾವೇನು ಬಡವರಲ್ಲ."

ವಾರದೊಳಗೆ "ನೋ ಗಂಜಿ" ಮತ್ತೆ ಶುರುವಾಯಿತು. ಅಷ್ಟು ವರ್ಷ ಪರದೇಶದಲ್ಲಿ ಕಾಪಾಡಿದ್ದನ್ನು ಅವಳು ಊರಲ್ಲಿ ಕಳೆದುಕೊಂಡಳು.

ಮತ್ತೆ ಟಕ್ ಟಕ್

ತೊಂಬತ್ತೊಂದರಲ್ಲಿ ಯುದ್ಧ ಮುಗಿದ ಮೇಲೆ ಕಂಪನಿ ಕರೆಯಿತು, ಒಬ್ಬನೇ ಮರಳಿದೆ. ಇರಾಕಿನವರು ಹೋಗುವಾಗ ಬೆಂಕಿ ಹಚ್ಚಿದ ಎಣ್ಣೆ ಬಾವಿಗಳ ಹೊಗೆಗೆ ಫಹಾಹೀಲಿನಲ್ಲಿ ಹಗಲಲ್ಲೂ ದೀಪ ಹಚ್ಚಬೇಕಿತ್ತು. ಮನೆಯಲ್ಲಿ ಫ್ರಿಜ್ ಇಲ್ಲ, ಟೀವಿ ಇಲ್ಲ, ಅಡುಗೆಮನೆಯ ಬಾಗಿಲೂ ಇಲ್ಲ. ಕಲ್ಲು ಮಾತ್ರ ಮೆಟ್ಟಿಲ ತಿರುವಿನಲ್ಲಿ ಮಸಿ ಹಿಡಿದು ಕೂತಿತ್ತು. ಕಳ್ಳರು ಅಲ್ಲಿಯವರೆಗೆ ಹೊತ್ತು, ಬಿಟ್ಟುಹೋಗಿದ್ದರು. ಪಾಪ, ಅವರೂ ವೈರ್ ಹುಡುಕಿರಬೇಕು.

ಊರಿಗೆ ಫೋನ್ ಮಾಡಿದೆ. ನನ್ನ ಆರೋಗ್ಯ ವಿಚಾರಿಸುವ ಮೊದಲೇ ಅವಳು, "ಕಲ್ಲು ಉಂಟಾ?" ಅಂದಳು.

"ಉಂಟು. ನೀನೂ ಬಾ."

"ಮಕ್ಕಳು ಇಲ್ಲಿ ಶಾಲೆಗೆ ಸೇರಿ ಆಯ್ತಲ್ಲ. ಇನ್ನು ನೀವೇ ಕಡೀರಿ."

ಮರುದಿನ ಬೆಳಿಗ್ಗೆ ಊರಿನಿಂದ ತಂದ ಅಕ್ಕಿ ಹಾಕಿ ಗುಂಡು ತಿರುಗಿಸಿದೆ. ಕೆಳಗಿನಿಂದ ಟಕ್ ಟಕ್! ಮೇಷ್ಟ್ರೂ ಮರಳಿದ್ದಾರೆ! ಬಂದ ಕೂಡಲೇ ಅವರ ನಿದ್ದೆ ಕೆಡಿಸಿದೆನಲ್ಲ ಎಂದು ನಿಲ್ಲಿಸಿದೆ. ಟಕ್ ಟಕ್ ಇನ್ನೂ ಜೋರಾಯಿತು. ಕೈಯನ್ನೂ ತೊಳೆಯದೆ ಕೆಳಗೆ ಓಡಿದೆ. ಮೇಷ್ಟ್ರು ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ನಿಲ್ಲಿಸಿದೆನಲ್ಲ, ಮೇಷ್ಟ್ರೇ," ಅಂದೆ.

"ಅದಕ್ಕೇ ಜೋರಾಗಿ ಕುಟ್ಟಿದೆ! ಯಾಕೆ ನಿಲ್ಲಿಸಿದಿರಿ? ಮದಾಮ್ ಬಂದರೆಂದು ತಟ್ಟೆ ತೊಳೆದುಕೊಂಡು ಕಾಯುತ್ತಿದ್ದೇನೆ."

"ಮದಾಮ್ ಬರಲಿಲ್ಲ. ಇನ್ನು ಬರುವುದೂ ಇಲ್ಲ. ಕಡೆಯುತ್ತಿದ್ದವನು ನಾನೇ."

ಅವರು ಹಿಟ್ಟು ಮೆತ್ತಿದ ನನ್ನ ಕೈ ನೋಡಿದರು, ತಮ್ಮ ತಟ್ಟೆ ನೋಡಿದರು.

"ಹಾಗಾದರೆ ನಿಲ್ಲಿಸಿದ್ದೇ ಒಳ್ಳೆಯದಾಯಿತು," ಎನ್ನುತ್ತ, ತಟ್ಟೆ ಹಿಡಿದುಕೊಂಡೇ ನನ್ನ ಹಿಂದೆ ಮೆಟ್ಟಿಲು ಹತ್ತಿದರು.